ವೇದಿಕೆಗಾಗಿ ಕಾದ ಅನುದಾನ

ಕಲಬುರಗಿಯ ನಮ್ಮ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಿಗೆ ಸಿಗುವ ಅನುದಾನಗಳ ಬಗ್ಗೆ ಕಾರ್ಯಾಗಾರ ನಡೆದ ದಿನ ನಾನು ದಿನಚರಿಯಲ್ಲಿ ಬರೆದದ್ದು ಒಂದೇ ಸಾಲು: ‘ಊಟ ಚೆನ್ನಾಗಿತ್ತು.’ ಉಳಿದದ್ದೆಲ್ಲ ನೆನಪು. ನನ್ನ ನೆನಪು ಯಾವಾಗಲೂ ನನ್ನ ಸಿಟ್ಟಿನ ಪರವಾಗಿಯೇ ಸಾಕ್ಷಿ ಹೇಳುತ್ತದೆ, ಹಾಗಾಗಿ ಅದನ್ನು ಪೂರ್ತಿ ನಂಬುವುದಿಲ್ಲ.

ಹೊರಗಿನಿಂದ ಬಂದಿದ್ದ ಸಂಪನ್ಮೂಲ ವ್ಯಕ್ತಿ, ದುಡ್ಡು ಬೇಕಾದಷ್ಟಿದೆ, ಕೇಳುವವರೇ ಇಲ್ಲ ಎಂದರು. ಬೋಧನೆಗೆ, ಸಂಶೋಧನೆಗೆ, ವಿದೇಶ ಪ್ರವಾಸಕ್ಕೆ, ಉಪಕರಣಕ್ಕೆ ಎಂದು ಪರದೆಯ ಮೇಲೆ ಒಂದಾದ ಮೇಲೊಂದು ಯೋಜನೆಗಳು ಬಂದು ಹೋದವು. ಮುಂದಿನ ಸಾಲಿನ ಹಿರಿಯ ಪ್ರಾಧ್ಯಾಪಕರು ತಲೆಯಾಡಿಸುತ್ತಲೇ ನಿದ್ದೆ ಹೋದರು. ಸ್ವಾಗತ, ಸನ್ಮಾನ, ಸಸಿಗೆ ನೀರೆರೆಯುವುದರಲ್ಲೇ ಅರ್ಧ ಹೊತ್ತು ಕಳೆದಿತ್ತು. ಅರ್ಜಿ ಬರೆಯುವುದು ಹೇಗೆಂದು ಹೇಳಲು ಹೊತ್ತು ಉಳಿಯಲಿಲ್ಲ. ಆದರೂ ನಾನು ಅರ್ಜಿ ಬರೆದೆ.

ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳು ಬಾಳೆಯನ್ನು ಗೋಡೆಯ ಚಿತ್ರಪಟದಲ್ಲಿ ನೋಡಿ ಪಾಸಾಗುತ್ತಾರೆ. ಕಮಲಾಪುರದ ಕೆಂಪು ಬಾಳೆಯನ್ನು ರಸ್ತೆ ಬದಿಯಲ್ಲಿ ಕೊಂಡು ತಿಂದಿರುತ್ತಾರೆ, ಅದು ಬೆಳೆಯುವುದನ್ನು ಕಂಡಿರುವುದಿಲ್ಲ. ಬುಡದ ಮರಿಗಿಡವಾದ ಕಂದು ನೆಡುವ ದಿನದಿಂದ ಗೊನೆ ಇಳಿಸುವ ದಿನದವರೆಗೆ ಒಂದು ತಂಡ ಅದನ್ನು ಬೆನ್ನುಹತ್ತಬೇಕು, ಅದರಿಂದಲೇ ಪಾಠವೂ ಆಗಬೇಕು, ಸಂಶೋಧನೆಯೂ ಆಗಬೇಕು ಎಂಬುದು ನನ್ನ ಯೋಜನೆ.

ಹೊಲ ಕೊಡಲು ಒಪ್ಪಿದವರು ಕಮಲಾಪುರದ ನಿವೃತ್ತ ಅಂಗನವಾಡಿ ಶಿಕ್ಷಕಿ. ಅವರ ಮನೆತನದಲ್ಲಿ ಕೆಂಪು ಬಾಳೆ ಉಳಿದಿದ್ದು ಅದೊಂದು ತುಣುಕಿನಲ್ಲಿ ಮಾತ್ರ. ಹೊಲ ಜಂಟಿ. ಹಳೆಯ ಬುಡಗಳನ್ನು ಕಿತ್ತು ಕಬ್ಬು ಹಚ್ಚಬೇಕೆಂದು ಅವರ ಮೈದುನ ಎರಡು ವರ್ಷದಿಂದ ಹಟ ಹಿಡಿದಿದ್ದ.

“ನೀವು ಯೂನಿವರ್ಸಿಟಿ ಆರ್ಡರ್ ತರ್ರಿ ಮೇಡಂ,” ಎಂದಿದ್ದರು ಆಕೆ. “ನನ್ನ ಮಾತು ಅವಗ ಗಾಳಿ. ಸಹಿ ಸಿಕ್ಕಾ ಇರೋ ಕಾಗದ ಕಂಡ್ರ ಮಾತ್ರ ಬಾಯಿ ಮುಚ್ಚತಾನ.”

ಕಟ್ಟೆಯ ಮೇಲೆ ಕೂತಿದ್ದ ಮೈದುನ ನಕ್ಕ. “ತರ್ಲಿ ಬಿಡ್ರಿ ವೈನಿ. ಖರೇ, ಮಳಿ ಏನು ಅವರ ಯೂನಿವರ್ಸಿಟಿ ಕೇಳಿ ಬರತದ? ಮಳಿ ಹತ್ತೂತನಕ ಕಾಯ್ತೀನಿ. ಆಮ್ಯಾಲ ನಂದು ನಾ ನೋಡ್ಕೋತೀನಿ.”

ಆಯ್ಕೆ ಸಮಿತಿಯ ಮುಂದೆ ನಾನು ಮಾತಾಡಿದ್ದು ಬೇಸಿಗೆಯ ಒಂದು ಮಧ್ಯಾಹ್ನ. ಸಮಿತಿಯಲ್ಲಿ ಮೂವರಿದ್ದರು. ಒಬ್ಬರು, “ಇದರಾಗ ಡ್ರೋನ್ ಇಲ್ಲೇನ್ರೀ?” ಎಂದು ಕೇಳಿದರು. ಬಾಳೆಗಿಡ ಹೆಚ್ಚೆಂದರೆ ಎರಡಾಳೆತ್ತರ, ಕತ್ತೆತ್ತಿದರೆ ಕಾಣುತ್ತದೆ ಎಂದೆ. ಹಾಗೆ ಹೇಳಿದೆನೋ, ಹೇಳಬೇಕಿತ್ತು ಎಂದು ಮನೆಗೆ ಬರುವಾಗ ಅಂದುಕೊಂಡೆನೋ, ಈಗ ಖಚಿತವಿಲ್ಲ. ಎರಡನೆಯವರಿಗೆ ಶೀರ್ಷಿಕೆಯಲ್ಲಿ ‘ಸುಸ್ಥಿರ’ ಎಂಬ ಪದ ಸೇರಿದರೆ ಸಾಕಾಗಿತ್ತು, ಸೇರಿಸಿದೆ. ಮೂರನೆಯವರು ಫೋನಿನಲ್ಲಿದ್ದರು. ಅನುದಾನ ಮಂಜೂರಾಯಿತು.

ಜ್ಯೇಷ್ಠದ ಕಾರಹುಣ್ಣಿಮೆಗೆ ಮುಂಚೆಯೇ ಆದೇಶ ತಯಾರಾಗಿದೆಯೆಂದು ಗೊತ್ತಾಗಿ ಸಂಶೋಧನಾ ವಿಭಾಗಕ್ಕೆ ಓಡಿದೆ. ಅಲ್ಲಿನ ಅಧೀಕ್ಷಕರು ಕಬ್ಬಿಣದ ಕಪಾಟು ತೆರೆದು ತೋರಿಸಿದರು. ಸಹಿಯಾದ ಆದೇಶಗಳು, ಪ್ರತಿಯೊಂದೂ ಬಣ್ಣದ ರಟ್ಟಿನ ಹೊದಿಕೆಯಲ್ಲಿ, ಲಗ್ನಪತ್ರಿಕೆಗಳ ಹಾಗೆ.

“ರೆಡಿ ಅದರಿ ಮೇಡಂ. ಖರೇ ಕೈಯಾಗ ಕೊಡಂಗಿಲ್ಲ. ವೇದಿಕಿ ಮ್ಯಾಲ ಮುಖ್ಯ ಅತಿಥಿಗಳ ಕೈಲೆ ಕೊಡಸಬೇಕಂತ.”

“ಒಂದು ನಕಲು ಕೊಡ್ರಿ. ಅದನ್ನೇ ತೋರಿಸ್ತೀನಿ.”

“ನಕಲು ಮೊದಲೇ ಹೊರಗ ಹೋದ್ರ ಕಾರ್ಯಕ್ರಮಕ್ಕ ಏನ್ ಕಿಮ್ಮತ್ ಉಳೀತದರಿ? ನಂಗ ಬೈಸಬ್ಯಾಡ್ರಿ.”

ಕಾರ್ಯಕ್ರಮ ಯಾವಾಗ ಎಂದು ಕೇಳಿದೆ. ಮುಖ್ಯ ಅತಿಥಿಗಳು ದಿನಾಂಕ ಕೊಟ್ಟಿಲ್ಲ ಎಂದರು. ಮೂರು ವಾರ ಬಿಟ್ಟು ಕೇಳಿದಾಗ ದಿನಾಂಕ ಕೊಟ್ಟಿದ್ದರು, ಆದರೆ ಅಷ್ಟರಲ್ಲಿ ಆಷಾಢ ಹಿಡಿದಿತ್ತು.

ಆಷಾಢದಲ್ಲಿ ಶುಭಕಾರ್ಯ ಬೇಡ ಎಂದದ್ದು ಅರ್ಚಕರಲ್ಲ, ಭೌತಶಾಸ್ತ್ರದ ಪ್ರಾಧ್ಯಾಪಕರು, ಕಾರ್ಯಕ್ರಮ ಸಮಿತಿಯ ಸಂಚಾಲಕರು. ವೈಜ್ಞಾನಿಕ ಮನೋಭಾವದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ಕೊಡುವವರು. “ನಾ ಏನೂ ನಂಬಂಗಿಲ್ಲರಿ,” ಎಂದರು, “ಖರೇ ನಾಳೆ ಅತಿಥಿಗಳಿಗಿ ಏನರ ಆದ್ರ? ಶ್ರಾವಣ ಹತ್ತಲಿ, ಜೋರ್ ಮಾಡೋಣ.” ಕಂದು ನೆಡುವ ಕಾಲ ಮೀರುತ್ತದೆ ಎಂದೆ. “ಬಾಳಿ ಎಲ್ಲಿ ಓಡಿ ಹೋಗತದರಿ ಮೇಡಂ,” ಎಂದು ಚಹಾ ತರಿಸಿದರು. ನಾನು ಕುಡಿದೆ. ಅದನ್ನು ನೆನೆದರೆ ಈಗಲೂ ಅವರಿಗಿಂತ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ. ಕಪ್ಪನ್ನು ಅಲ್ಲೇ ಬಿಟ್ಟು ಎದ್ದು ಬಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆದೇಶ ಕೈಗೆ ಬರುವ ಮೊದಲು ಮಾಡಿದ ಕೆಲಸವನ್ನು ಯೋಜನೆಯ ಕೆಲಸವೆಂದು ಒಪ್ಪುವುದಿಲ್ಲವೆಂಬ ನಿಯಮವೂ ಇತ್ತು. ಅದು ಇಲ್ಲದಿದ್ದರೂ ಬರಿಗೈಯಲ್ಲಿ ಹೋದ ನನ್ನ ಮಾತನ್ನು ಮೈದುನ ಕೇಳುತ್ತಿರಲಿಲ್ಲ. ಮಳೆ ಹತ್ತಿತು. ಅಂಗನವಾಡಿ ಶಿಕ್ಷಕಿ ಫೋನ್ ಮಾಡಿದರು: “ಎಲ್ಲಿಗಿ ಬಂತರಿ ನಿಮ್ಮ ಕಾಗದ?” ಬರುತ್ತದೆ ಎಂದೆ. ಮತ್ತೆ ಮಾಡಿದರು. ಮತ್ತೆ ಅದನ್ನೇ ಹೇಳಿದೆ. ಆಮೇಲೆ ಫೋನ್ ಬರಲಿಲ್ಲ.

ಶ್ರಾವಣದಲ್ಲಿ ಜೋರಾಗಿಯೇ ಮಾಡಿದರು. ಮುಖ್ಯ ಅತಿಥಿಗಳು ಭಾಷಣದಲ್ಲಿ ಈ ಭಾಗ ಹಿಂದುಳಿದಿದೆ ಎಂದು ಮರುಗಿದರು. ನನ್ನ ಹೆಗಲಿಗೆ ಶಾಲು ಬಿತ್ತು, ಕೈಗೆ ಆದೇಶ ಬಂತು, ಫೋಟೊದವನು “ಇನ್ನೊಮ್ಮಿ ಕೊಡ್ರಿ” ಎಂದದ್ದರಿಂದ ಆದೇಶ ವಾಪಸ್ಸು ಹೋಗಿ ಮತ್ತೆ ಬಂತು. ಆ ಫೋಟೊದಲ್ಲಿ ನಾನು ನಗುತ್ತಿದ್ದೇನೆ. ನಕ್ಕ ನೆನಪಿಲ್ಲ, ಆದರೆ ಈ ವಿಷಯದಲ್ಲಿ ಫೋಟೊವನ್ನೇ ನಂಬಬೇಕು.

ಮರುದಿನ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಬಾಳೆ ಇದ್ದ ಜಾಗದಲ್ಲಿ ಸಾಲು ಹೊಡೆದು ಕಬ್ಬು ಹಚ್ಚಿದ್ದರು. ಕಿತ್ತ ಬುಡಗಳು ಬದುವಿನ ಮೇಲೆ ಕೊಳೆಯುತ್ತಿದ್ದವು. ಮೈದುನ ಆದೇಶವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದ. ಅವನು ಚೇಷ್ಟೆ ಮಾಡುತ್ತಾನೆಂದು ಕಾದೆ.

“ಇದು ಬಂದಿದ್ರ ನಾ ಕೈ ಹಚ್ತಿದ್ದಿಲ್ಲರಿ ಮೇಡಂ,” ಎಂದ. ನಂತರ ಸಹಿಯ ಕೆಳಗೆ ಬೆರಳಿಟ್ಟ. “ಕಾರಹುಣ್ಣಿಮಿಕಿಂತ ಮೊದಲಿನ ತಾರೀಖದಲ? ಇಷ್ಟ್ ದಿನ ಎಲ್ಲಿತ್ತು?”

“ಕಪಾಟಿನಾಗ,” ಎಂದೆ.

ಅವನು ಅತ್ತಿಗೆಯ ಮುಖ ನೋಡಿದ. ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು. ನನಗೆ ಚಹಾ ಕೇಳಲಿಲ್ಲ. ಈ ಸೀಮೆಯಲ್ಲಿ ಮನೆಗೆ ಬಂದವರಿಗೆ ಚಹಾ ಕೇಳದಿರುವುದೆಂದರೆ ಏನೆಂದು ನನಗೆ ಗೊತ್ತು.

ಕಲಬುರಗಿಗೆ ಮರಳಿ, ಹೊಲ ಇಲ್ಲವೆಂದು ಸಂಚಾಲಕರಿಗೆ ಹೇಳಿದೆ. ಅವರು ಒಂದು ಕ್ಷಣವೂ ಕುಗ್ಗಲಿಲ್ಲ. “ಶೀರ್ಷಿಕಿ ಬದಲಿ ಮಾಡ್ರಿ. ‘ಕೆಂಪು ಬಾಳೆಯ ಅವನತಿ: ಕಾರಣಗಳು.’ ಇದಕ್ಕ ಇನ್ನೂ ಸ್ಕೋಪ್ ಅದ.”

“ಮೊದಲನೇ ಕಾರಣ ನಾ ಬರೀತೀನಿ. ಕೆಳಗ ನೀವು ಸಹಿ ಮಾಡ್ತೀರೇನ್ರಿ ಸರ್?”

“ಚಾಷ್ಟಿ ಬಿಡ್ರಿ ಮೇಡಂ,” ಎಂದು ನಕ್ಕರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ನನ್ನ ತಿರಸ್ಕಾರಕ್ಕೆ ಕೂಡ ಅವರು ಯೋಗ್ಯರಲ್ಲ ಅನ್ನಿಸಿದ್ದು ಆಗಲೇ.

ಅನುದಾನ ಬೇಡವೆಂದು ಬರೆದುಕೊಟ್ಟೆ. ಅದು ನಿಷ್ಠುರತೆಯೋ, ಕೆಲಸ ತಪ್ಪಿಸಿಕೊಳ್ಳುವ ಸಭ್ಯ ದಾರಿಯೋ, ಒಂದೊಂದು ದಿನ ಒಂದೊಂದು ಅನ್ನಿಸುತ್ತದೆ. ಹೊಲದ ಒಡತಿಗೆ ಮಾತ್ರ ತಿಳಿಸಲೇಬೇಕಿತ್ತು. ಫೋನ್ ಮಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

“ಪರತ್ ಕೊಟ್ರಿ? ಛಲೋ ಆಯ್ತು. ಅದಕ್ಕೂ ಕಾರ್ಯಕ್ರಮ ಮಾಡ್ತಾರೇನ್ರಿ?”

ಉತ್ತರಕ್ಕೆ ಕಾಯಲಿಲ್ಲ. ಕರೆಂಟ್ ಬಂದಿದೆ, ಕಬ್ಬಿಗೆ ನೀರು ಬಿಡಬೇಕು ಎಂದು ಫೋನ್ ಇಟ್ಟರು.