ಗುರುಸಿದ್ದಮ್ಮನ ಕೈ

ಮಲ್ಲಿಪಟ್ಟಣದಲ್ಲಿ ನಾನು ನರ್ಸ್ ಆಗಿ ಹನ್ನೊಂದು ವರ್ಷ. ಮೊದಲ ನಾಲ್ಕು ವರ್ಷ ಗುರುಸಿದ್ದಮ್ಮನ ಜೊತೆ ಜಗಳದಲ್ಲೇ ಹೋಯಿತು. ಸಾಕಾಗಿಹೋಗಿತ್ತು ನನಗೆ. ಯಾರಿಗೆ ಸರ್ಪಸುತ್ತು ಎದ್ದರೂ ಮೊದಲು ಆಕೆಯ ಜಗಲಿಗೇ ಓಡುತ್ತಿದ್ದರು. ಆಕೆ ಬೊಕ್ಕೆಗಳ ಸುತ್ತ ಕೆಮ್ಮಣ್ಣಿನಲ್ಲಿ ಹಾವು ಬರೆಯುತ್ತಿದ್ದಳು, ಅದೂ ಭಾನುವಾರ ಮಾತ್ರ. ಕಾದು, ಬರೆಸಿಕೊಂಡು, ಉರಿ ತಡೆಯಲಾರದೆ ನನ್ನ ಬಳಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು.

ಒಂದು ದಿನ ರೇಗಿ ಆಕೆಯ ಮನೆಗೇ ಹೋದೆ.

"ಅಜ್ಜಿ, ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಎದ್ದಿತ್ತಲ್ಲ, ಆ ವೈರಸ್ಸು ನರದೊಳಗೆ ಮಲಗಿರ್ತದೆ. ಎದ್ರೆ ಮರಿ ಹಾಕ್ತಾನೇ ಇರ್ತದೆ. ಅದಕ್ಕೆ ಎನ್ಜೈಮ್ ಅನ್ನೋ ಹತಾರ ಬೇಕು. ಈ ಅಸೈಕ್ಲೋವಿರ್ ಮಾತ್ರೆ ಆ ಹತಾರ ಕೆಡಿಸ್ತದೆ. ಹುಟ್ಟಿದ್ದನ್ನ ಕೊಲ್ಲಲ್ಲ, ಹುಟ್ಟೋದನ್ನ ತಡೀತದೆ. ಅದಕ್ಕೇ ಮೂರು ದಿನದೊಳಗೆ ಶುರು ಮಾಡ್ಬೇಕು."

"ಇಂಗೆ ಬುಡ್ಸಿ ಯೋಳ್ಬಾರ್ದಾ ಮೊದ್ಲೇ? ಬರೀ ಬಯ್ಯದೇ ಆಯ್ತು ನಿಂದು," ಎಂದಳು.

ಅಂದಿನಿಂದ ಮಾತ್ರೆ ತೋರಿಸದವರನ್ನು ಆಕೆ ಮುಟ್ಟಲಿಲ್ಲ. "ಓಗ್ಲಾ, ನುಂಗ್ಬುಟ್ಟು ಬಾ!" ಎಂದು ಅಟ್ಟುತ್ತಿದ್ದಳು. ಅಬ್ಬಾ, ಗೆದ್ದೆ ಅಂದುಕೊಂಡೆ.

ಹೋದ ವರ್ಷ ಒಂದು ಬುಧವಾರ ಆಕೆಯ ಹಣೆಯ ಮೇಲೇ ಬೊಕ್ಕೆ ಎದ್ದವು. ನನಗೆ ಗೊತ್ತಾದದ್ದು ಸೋಮವಾರ, ಸೊಸೆ ಸ್ನೇಹಲತಾ ಕೈಹಿಡಿದು ಕರೆತಂದಾಗ. ಎಡಗಣ್ಣು ಊದಿ ಮುಚ್ಚಿತ್ತು. ಹಣೆಯ ತುಂಬ ಕೆಮ್ಮಣ್ಣು. ತನಗೆ ತಾನೇ ಬರೆದುಕೊಳ್ಳುವ ಹಾಗಿಲ್ಲವಂತೆ. ಅದೇ ವಿದ್ಯೆ ಬಲ್ಲ ತಂಗಿ ನುಗ್ಗೇಹಳ್ಳಿಯಿಂದ ಬರಲೆಂದು ಭಾನುವಾರದವರೆಗೆ ಕಾದಿದ್ದಳು.

ಅವತ್ತೇ ಹಾಸನಕ್ಕೆ ಕರೆದೊಯ್ದೆ. ಮಾತ್ರೆ, ಇಂಜೆಕ್ಷನ್, ಕಣ್ಣಿಗೆ ಡ್ರಾಪ್ಸ್, ತಿಂಗಳುಗಟ್ಟಲೆ ಓಡಾಟ. ಕೊನೆಗೆ ಡಾಕ್ಟರು ಆ ಕಣ್ಣಿನ ಆಸೆ ಬಿಡಿ ಎಂದರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಊರಿಗೆಲ್ಲ ನುಂಗ್ಸಿದೋಳು, ನೀನ್ಯಾಕೆ ನುಂಗ್ಲಿಲ್ಲ ಅಜ್ಜಿ?"

"ಅವ್ರಿಗೆ ಮಾತ್ರೇನೂ ಇತ್ತು, ನನ್ ಕೈಯೂ ಇತ್ತು. ಯಾವುದ್ರಿಂದ ವಾಸಿ ಆಯ್ತು ಅಂತ ಯಾರೂ ಕೇಳ್ನಿಲ್ಲ. ನಾನೇ ಮಾತ್ರೆ ನುಂಗುದ್ರೆ, ನಲವತ್ ವರ್ಷ ಬರ್ದಿದ್ದೆಲ್ಲ ಸುಳ್ಳು ಅಂತ ನಾನೇ ಒಪ್ಕಂಡಂಗಲ್ವೇನವ್ವಾ?"

ನಾಚಿಕೆಯಾಯಿತು ನನಗೆ. ಆಕೆಯ ಕೈಯನ್ನು ನನ್ನ ಕೆಲಸಕ್ಕೆ ಬಳಸಿಕೊಂಡೆನೇ ಹೊರತು, ಆ ಕೈ ಆಕೆಗೆ ಏನೆಂದು ಒಂದು ದಿನವೂ ಯೋಚಿಸಿರಲಿಲ್ಲ. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಆಕೆಯೇ ನನ್ನ ಮೊಣಕಾಲು ತಟ್ಟಿದಳು.

"ಅಳ್ಬ್ಯಾಡ ಸುಮ್ಕಿರು. ಇನ್ ಯಾರ್ಗೂ ಬರೆಯಕಿಲ್ಲ ನಾನು. ಬಂದೋರ್ಗೆ ಈ ಕಣ್ಣು ತೋರುಸ್ತೀನಿ. ನಿನ್ ತಾವ್ಕೆ ಅವ್ರೇ ಓಡ್ಬತ್ತಾರೆ."