ಗುರುವಿನ ಹಿಮ್ಮಡಿ

ಕಲ್ಯಾಣದುರ್ಗದ ಆ ಆಶ್ರಮದಲ್ಲಿ ದಿನಾ ಬೆಳಿಗ್ಗೆ ಗುರುವಿನ ಪಾದಗಳನ್ನು ರಂಗೋಲಿಯಲ್ಲಿ ಬಿಡಿಸುವುದು ನನ್ನ ಸೇವೆ. ಅದನ್ನು ಯಾರೂ ತುಳಿಯುವಂತಿರಲಿಲ್ಲ. ಒಮ್ಮೆ ನನ್ನ ಲಂಗದ ಅಂಚು ತಾಕಿ ಹೆಬ್ಬೆರಳು ಅಳಿಸಿತೆಂದು ಇಡೀ ದಿನ ಅನ್ನ ಕೊಡಲಿಲ್ಲ. ಅಪ್ಪ ಸತ್ತಾಗಲೂ ಕಳಿಸಲಿಲ್ಲ. ಹೊರಗಿನವರ ಸಾವಿಗೆ ಅಳಬಾರದಂತೆ. ಹಿಂದೂಪುರದ ಮನೆಯಲ್ಲಿ ಮಗ್ಗದ ಪಕ್ಕ ಕೂರಿಸಿಕೊಂಡು ನನಗೆ ಗಿಳಿ ಬರೆಯಲು ಕಲಿಸಿದ ಅಪ್ಪ ಹೊರಗಿನವನಂತೆ! ನನ್ನನ್ನು ಅಲ್ಲಿಗೆ ಕರೆದೊಯ್ದವಳು ಅಮ್ಮ. ಸಾವಿನ ಸುದ್ದಿ ಬಂದ ದಿನ ಅವಳೂ ನನ್ನ ಪಕ್ಕದಲ್ಲೇ ಕೂತಿದ್ದಳು, ಒಂದು ಹನಿ ಕಣ್ಣೀರು ಹಾಕದೆ.

ಇಬ್ಬರೂ ಆಶ್ರಮ ಬಿಟ್ಟು ಹಿಂದೂಪುರಕ್ಕೆ ಬಂದ ಮೇಲೆ ಬಾಗಿಲ ಮುಂದೆ ರಂಗೋಲಿ ಹಾಕಲು ಕೂತೆ. ಕೈ ತಾನಾಗಿ ಅದೇ ಪಾದ ಬರೆಯಿತು. ಅಳಿಸಿದೆ. ಮಾರನೇ ದಿನವೂ ಅದೇ. ಆ ಕಳ್ಳ ಗುರು ನನ್ನ ಬೆರಳನ್ನೂ ಬಿಟ್ಟಿರಲಿಲ್ಲ.

"ಪೋನೀಲೇ, ಓಗ್ಲಿ ಬಿಡು ಕಣಮ್ಮ, ಅಲ್ಲೋಗಿ ಚಂದಾಗ್ ಮುಗ್ಗು ಇಕ್ಕೋದಾದ್ರೂ ಕಲ್ತ್‌ಬಂದೆ," ಎಂದಳು ರಂಗೋಲಿ ನೋಡಿದ ಪಕ್ಕದ ಮನೆಯಾಕೆ. ಮೈಯೆಲ್ಲ ಉರಿದುಹೋಯಿತು.

ಅವತ್ತಿನಿಂದ ಅಳಿಸುವುದನ್ನು ಬಿಟ್ಟೆ. ಹೊಸ್ತಿಲಿಗೆ ಅಂಟಿಕೊಂಡಂತೆ, ಕಾಲಿಡಲೇಬೇಕಾದ ಜಾಗದಲ್ಲಿ ದೊಡ್ಡದಾಗಿ ಬರೆದೆ. ಒಡೆದ ಹಿಮ್ಮಡಿ ಬರೆದೆ. ಕೊಳಕು ಉಗುರು ಬರೆದೆ. ಮೇಲೆ ನೊಣ ಕೂರಿಸಿದೆ.

"ಇದೇನಕ್ಕ, ಎಮ್ಮೆ ಕಾಲಾ?" ಎನ್ನುತ್ತ ಹಾಲಿನವನು ತುಳಿದುಕೊಂಡೇ ಬಂದ. ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಮ್ಮ ಮಾತ್ರ ತುಳಿಯಲಿಲ್ಲ. ಅಂಗಡಿಗೆ ಹೋಗಬೇಕಾದರೂ ಹಿತ್ತಲಿನಿಂದ ಸುತ್ತಿ ಹೋಗುತ್ತಿದ್ದಳು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಸತ್ತ ಗಂಡನ ಮುಖ ನೋಡೋಕೂ ಬರ್ದೇ ಇದ್ದೋಳು, ಈ ಪುಡೀಗ್ ಎದರ್ತೀಯಲ್ಲಮ್ಮ!"

"ಕಾಲೇ ಏಳಕಿಲ್ಲ ಕಣೆ. ನಾನೇನ್ ಮಾಡ್ಲಿ?" ಎಂದಳು. ಕನಿಕರ ಬರಲಿಲ್ಲ. ಇನ್ನಷ್ಟು ಸಿಟ್ಟೇ ಬಂತು.

ಅಪ್ಪನ ತಿಥಿಯ ಬೆಳಿಗ್ಗೆ, ರಂಗೋಲಿ ಹಾಕಬಾರದ ದಿನವಾದರೂ, ಆ ಪಾದಗಳಾಚೆ ಒಂದು ಗಿಳಿ ಬರೆಯಲು ನೋಡಿದೆ. ಕೊಕ್ಕು ಸರಿಬರಲಿಲ್ಲ. ಅಳಿಸಿದೆ, ಬರೆದೆ, ಮತ್ತೆ ಅಳಿಸಿದೆ. ಒಳಗಿನಿಂದ ನೋಡುತ್ತಿದ್ದ ಅಮ್ಮ ರೇಗಿದಳು.

"ಅಂಗಲ್ಲ ಕಣೆ! ನಿಮ್ಮಪ್ಪ ಇನ್ನೂ ಬಗ್ಗಿಸ್ತಿದ್ರು. ಕೊಡಿಲ್ಲಿ."

ಹೊಸ್ತಿಲು ದಾಟಿ ನೇರ ಬಂದಳು. ಗುರುವಿನ ಎರಡು ಹಿಮ್ಮಡಿಗಳ ಮೇಲೆ ಕುಕ್ಕರಗಾಲಲ್ಲಿ ಕೂತು, ನನ್ನ ಕೈಯಿಂದ ಪುಡಿ ಕಿತ್ತುಕೊಂಡು ಕೊಕ್ಕು ತಿದ್ದಿದಳು. ತಿದ್ದಿದ ಮೇಲೆ ಗಿಳಿಯನ್ನೇ ನೋಡುತ್ತ ಕೂತಳು. ಆಮೇಲೆ, ಬೀದಿಯವರೆಲ್ಲ ಹೊರಗೆ ಬಂದು ನೋಡುವ ಹಾಗೆ, ಅಪ್ಪನಿಗಾಗಿ ಅತ್ತಳು.

ಅವಳ ಮೇಲಿನ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ಅವಳು ಎದ್ದು ಒಳಗೆ ಹೋದಾಗ ನೆಲದ ಮೇಲೆ ಬಿದ್ದ ಬಿಳಿ ಹೆಜ್ಜೆಗಳನ್ನು ಅವತ್ತು ನಾನು ಒರೆಸಲಿಲ್ಲ.