ಮೇಜಿನ ಕೆಳಗಿನ ಸಭೆ

ಕಾರ್ಮಿಕ ಕಲ್ಯಾಣದ ಕ್ಷೇತ್ರದಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಸಾಬೂನು ಕಾರ್ಖಾನೆಯ ಕಲ್ಯಾಣಾಧಿಕಾರಿಯವರನ್ನು ಕಾರ್ಮಿಕರೆಲ್ಲ ಅಕ್ಕನವರೆಂದೇ ಕರೆಯುತ್ತ ಬಂದಿದ್ದಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಗೆ ಭಾಷಣದ ಹುಚ್ಚು ವಿಪರೀತವಾಗಿತ್ತು. ಬೆರಳು ಕೊಯ್ದುಕೊಂಡವರು ಬ್ಯಾಂಡೇಜು ಕೇಳಲು ಹೋದರೆ, ಧೈರ್ಯದ ಮಹತ್ವವನ್ನು ಕೇಳಿ ಮುಗಿಸುವಷ್ಟರಲ್ಲಿ ರಕ್ತ ತಾನಾಗಿಯೇ ನಿಂತಿರುತ್ತಿತ್ತು.

ಅವರ ಸೇವೆಯ ಒಂಬತ್ತನೆಯ ವರ್ಷ, ಬೆಳಗಿನ ಪಾಳಿಯಲ್ಲಿ ಬಾಯ್ಲರಿನ ಉಗಿ ಕೊಳವೆ ಸಿಡಿಯಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಆದರೆ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಆನೆಯಂಥ ಆಳು, ಎಲ್ಲರ ಬಾಯಲ್ಲಿ ಪೈಲ್ವಾನರಾಗಿದ್ದವರು, ತೋಳಿನ ಸುಟ್ಟ ಗಾಯ ಮಾಯ್ದ ಮೇಲೂ ಮೂರು ದಿನ ಗೇಟಿನವರೆಗೆ ಬಂದು ಹಾಗೆಯೇ ಮರಳಿದರು. ಸೋಮವಾರದೊಳಗೆ ಕೆಲಸಕ್ಕೆ ಇಳಿಯದಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಹೇಳಿದ ವ್ಯವಸ್ಥಾಪಕರು, ಪೈಲ್ವಾನರನ್ನು ವಿಚಾರಿಸಿ ತುಂಬಲು ಅಕ್ಕನವರ ಕೈಗೊಂದು ಅಚ್ಚಾದ ನಮೂನೆ ಕೊಟ್ಟರು.

ಅಕ್ಕನವರು ಪೈಲ್ವಾನರನ್ನು ಗೇಟಿನ ಪಕ್ಕದ ತಮ್ಮ ಕೋಣೆಯಲ್ಲಿ ಕೂರಿಸಿ ಗಂಭೀರವಾಗಿ ಓದಿದರು: "ತಮಗೆ ಆಘಾತವಾಗಿದೆಯೇ? ಹೌದು ಅಥವಾ ಇಲ್ಲ."

"ಇಲ್ಲ ಅಕ್ಕಾವ್ರೇ. ಮನೇಲಿ ಕುಕ್ಕರ್ ಕೂಗಿದ್ರೆ ಬೀದಿಗೆ ಓಡಿಹೋಗ್ತೀನಿ, ಅಷ್ಟೇ. ನಮ್ಮವಳು ಈಗ ಕುಕ್ಕರನ್ನೇ ಅಟ್ಟಕ್ಕೆ ಹಾಕಿದ್ದಾಳೆ."

ಅಕ್ಕನವರು ಧೈರ್ಯದ ಮೇಲಿನ ಭಾಷಣ ಶುರುಮಾಡಿದರು. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಹೊರಗೆ ಯಾರೋ ತಗಡಿನ ಡಬ್ಬ ಬೀಳಿಸಿದರು. ಪೈಲ್ವಾನರು ಮೇಜಿನ ಕೆಳಗೆ ನುಗ್ಗಿದರು. ಅಲ್ಲಿ ಅಕ್ಕನವರು ಆಗಲೇ ಇದ್ದರು.

"ನಿಮಗೂನಾ?"

"ಆವತ್ತು ನಾನೂ ಅಂಗಳದಲ್ಲೇ ಇದ್ನಲ್ಲಪ್ಪ. ಯಾರ ಹತ್ರ ಹೇಳ್ಕೊಳ್ಳಲಿ? ಕೇಳಬೇಕಾದವಳೇ ನಾನು!"

ಅಂದು ಮೊದಲ ಬಾರಿಗೆ ಪೈಲ್ವಾನರು ಮಾತಾಡಿದರು, ಅಕ್ಕನವರು ಕೇಳಿದರು. ನಮೂನೆ ಒಯ್ಯಲು ಬಂದ ವ್ಯವಸ್ಥಾಪಕರು ಖಾಲಿ ಕುರ್ಚಿಗಳನ್ನು ಕಂಡು ಬಗ್ಗಿ ನೋಡಿದಾಗ ಅಕ್ಕನವರು, "ಸಭೆ ನಡೀತಿದೆ ಸಾರ್. ಸೋಮವಾರದ ಗಡುವು ತೆಗೀರಿ, ಆಮೇಲೆ ಏಳ್ತೀವಿ" ಎಂದರು. ವ್ಯವಸ್ಥಾಪಕರು ಸೊಂಟ ಬಗ್ಗಿಸಿಕೊಂಡೇ ಒಪ್ಪಿದರು.

ದಿನಕ್ಕೆ ಹತ್ತು ಹೆಜ್ಜೆಯಂತೆ ಇಬ್ಬರೂ ಬಾಯ್ಲರಿನತ್ತ ನಡೆದರು. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಐದು ವಾರಗಳ ಮೇಲೆ ಪೈಲ್ವಾನರು ಉಗಿಯ ಕವಾಟವನ್ನು ಕೈಯಾರೆ ತಿರುಗಿಸಿದ ದಿನ, ಗಟ್ಟಿಯಾಗಿ ಅತ್ತವರು ಅಕ್ಕನವರು.

ಆಮೇಲೆ ಯಾರಿಗೆ ಏನೇ ಅವಘಡವಾಗಲಿ, ಅವರು ಹೋಗಿ ಪಕ್ಕದಲ್ಲಿ ಸುಮ್ಮನೆ ಕುಳಿತುಬಿಡುತ್ತಿದ್ದರು. ಕಳೆದ ವಾರ, ಯಂತ್ರದ ಬೆಲ್ಟಿಗೆ ಸೆರಗು ಸಿಕ್ಕಿ ಕೂದಲೆಳೆಯಲ್ಲಿ ಪಾರಾದ ಪ್ಯಾಕಿಂಗ್ ವಿಭಾಗದ ಹೆಂಗಸು, "ಇನ್ಮೇಲೆ ಯಾರ ಹತ್ರ ಹೋಗ್ಲಿ ಅಕ್ಕಾವ್ರೇ?" ಎಂದು ಕೇಳಿದರು. ಅಕ್ಕನವರು ಮನೆಯ ವಿಳಾಸ ಬರೆದುಕೊಟ್ಟು ಹೇಳಿದರು: "ಬಾ. ಬೆಲ್ ಮಾತ್ರ ಒತ್ತಬೇಡ ತಾಯಿ, ಈಗಲೂ ಬೆಚ್ಚಿಬೀಳ್ತೀನಿ. ಮೆಲ್ಲಗೆ ಕರಿ."

ಹಾಗೆ ಮೆಲ್ಲಗೆ ಕರೆದವರಿಗೆಲ್ಲ ಓಗೊಡುವಷ್ಟು ಆಯುಸ್ಸು, ಆರೋಗ್ಯ ಮತ್ತು ಚುರುಕಾದ ಕಿವಿ ಅಕ್ಕನವರಿಗೆ ಬಹುಕಾಲ ಇರಲಿ.